ಬಗಲಚೀಲದ ಸಾಮಾನು, ಬಿಟ್ಟಿ ಜಾಗದ ಬಾಡಿಗೆ

ಸಾಗರ
ಭಾನುವಾರ ರಾತ್ರಿ

ಚಿ. ಮೇಘಾಳಿಗೆ ಅಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಬುಧವಾರ ರಾತ್ರಿ ನೀನು ಫೋನು ಮಾಡಿ, ಆರು ವರ್ಷದಿಂದ ಬೆಳೆಸಿಕೊಂಡು ಬಂದ ಜಾಲತಾಣದ ಖಾತೆಗೆ ಬೀಗ ಬಿದ್ದಿದೆಯೆಂದು ಅತ್ತಾಗ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. "ಹೋದರೆ ಹೋಯಿತು ಬಿಡು, ಊಟ ಮಾಡು" ಎಂದುಬಿಟ್ಟೆ. ಅದು ಆಡಬಾರದ ಮಾತಾಗಿತ್ತು ಎಂದು ನಿನ್ನ ಅಮ್ಮ ಆ ರಾತ್ರಿಯೇ ತಿಳಿಸಿದಳು, ಬೆಳಿಗ್ಗೆ ಕಾಫಿ ಕೊಡುವಾಗ ಮತ್ತೊಮ್ಮೆ ತಿಳಿಸಿದಳು. ಮೂವತ್ತೆರಡು ವರ್ಷ ಊರಿನವರ ಫೋನು ರಿಪೇರಿ ಮಾಡಿದವನಿಗೆ ಸ್ವಂತ ಫೋನಿನಲ್ಲಿ ಮಾತು ಕೂಡದಿರುವುದು ತಮಾಷೆಯೇ ಸರಿ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ.

ನಡೆದದ್ದು ನನಗೆ ಸರಿಯಾಗಿ ಅರ್ಥವಾಗಿದೆಯೇ ನೋಡು. ನೀನು ದಿನವೂ ಚೀಲದಲ್ಲಿ, ಕಿಸೆಯಲ್ಲಿ ಇಟ್ಟುಕೊಂಡು ಓಡಾಡುವ ಟಾರ್ಚು, ಮಡಚುವ ಚಾಕು, ಪೆನ್ನು, ಚಿಕ್ಕ ನೋಟ್‌ಬುಕ್ಕು, ಬೀಗದ ಕೈ ಗೊಂಚಲು ಇವುಗಳನ್ನೆಲ್ಲ ಮೇಜಿನ ಮೇಲೆ ಹರಡಿ ಚಿತ್ರ ತೆಗೆದು ಹಾಕುತ್ತಿದ್ದೆ. ಅದಕ್ಕೆ ಹನ್ನೊಂದು ಸಾವಿರ ಜನ ಹಿಂಬಾಲಕರಾಗಿದ್ದರು. ಕಳೆದ ಸಲ ಊರಿಗೆ ಬಂದಾಗ ಅಜ್ಜನ ಕತ್ತಿಯನ್ನೂ ಅಡಕತ್ತರಿಯನ್ನೂ ಅವರದೇ ಕೆಂಪು ಪಂಚೆಯ ಮೇಲಿಟ್ಟು ಚಿತ್ರ ತೆಗೆದುಕೊಂಡು ಹೋಗಿದ್ದೆಯಲ್ಲ, ಅದನ್ನು "ಅಜ್ಜನ ಇ.ಡಿ.ಸಿ." (ಎವ್ರಿಡೇ ಕ್ಯಾರಿ, ಎಂದರೆ ದಿನವೂ ಜೊತೆಗೆ ಒಯ್ಯುವ ಸಾಮಾನು) ಎಂಬ ತಲೆಬರಹ ಕೊಟ್ಟು ಹಾಕಿದ ಎರಡೇ ಗಂಟೆಯಲ್ಲಿ, ಆಯುಧ ಮಾರಾಟಕ್ಕೆ ಸಂಬಂಧಿಸಿದ ನಿಯಮವನ್ನು ನೀನು ಮುರಿದಿರುವೆಯೆಂಬ ಸೂಚನೆ ಬಂದು ಖಾತೆ ಮುಚ್ಚಿಹೋಯಿತು. ಮನವಿ ಸಲ್ಲಿಸಿದರೆ ಒಂದು ನಿಮಿಷದೊಳಗೆ ಅದೂ ತಿರಸ್ಕೃತವಾಯಿತು. ಒಂದು ನಿಮಿಷದಲ್ಲಿ ಮನುಷ್ಯನಾದವನು ಆ ಚಿತ್ರವನ್ನು ನೋಡಿರಲು ಸಾಧ್ಯವಿಲ್ಲ. ನಿನ್ನ ಅಜ್ಜಿ ಅದೇ ಅಡಕತ್ತರಿಯನ್ನು ದಿನಕ್ಕೆ ಎಂಟು ಬಾರಿಯಾದರೂ ಪ್ರಯೋಗಿಸುತ್ತಿದ್ದಳೆಂಬುದು ಆ ಯಂತ್ರಕ್ಕೆ ತಿಳಿದಿದ್ದರೆ ಅವಳ ಮೇಲೂ ಒಂದು ಕೇಸು ಜಡಿಯುತ್ತಿತ್ತೇನೋ.

ಆ ಹವ್ಯಾಸಕ್ಕೆ ನೀವೆಲ್ಲ ಎವ್ರಿಡೇ ಕ್ಯಾರಿ ಎಂದು ಹೆಸರಿಟ್ಟುಕೊಂಡಿದ್ದೀರಿ ಎಂದು ನೀನು ಮೊದಲ ಸಲ ಹೇಳಿದಾಗ ನಾನು ನಕ್ಕಿದ್ದೆ. ಹಾಗೆ ನಕ್ಕದ್ದು ನಿನ್ನನ್ನು ಹೀಯಾಳಿಸುವುದಕ್ಕಲ್ಲ. ನಿನ್ನ ಅಜ್ಜ ತೋಟಕ್ಕೆ ಹೊರಟರೆಂದರೆ ಸೊಂಟದ ಹಿಂದೆ ಕೊಕ್ಕೆ, ಕೊಕ್ಕೆಗೆ ನೇತುಬಿದ್ದ ಕತ್ತಿ, ಮಡಿಲಲ್ಲಿ ಎಲೆ ಸಂಚಿ, ಸಂಚಿಯ ಒಂದು ಪದರದಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಅದರೊಳಗೆ ಸುಣ್ಣದ ಡಬ್ಬಿ, ಮಳೆಗಾಲವಾದರೆ ಉಂಬಳಕ್ಕೆ (ಜಿಗಣೆಗೆ) ಹಚ್ಚಲು ಉಪ್ಪು ಮತ್ತು ಹೊಗೆಸೊಪ್ಪನ್ನು ಸೇರಿಸಿ ಕಟ್ಟಿದ ಬಟ್ಟೆಯ ಗಂಟು. ಆ ಗಂಟನ್ನು ಒದ್ದೆ ಮಾಡಿ ಕಾಲಿಗೆ ಅಂಟಿದ ಉಂಬಳದ ಮೇಲೆ ಒತ್ತಿದರೆ ಅದು ತಾನಾಗಿಯೇ ಉದುರುತ್ತಿತ್ತು. ಕಿತ್ತರೆ ಗಾಯ ವಾರಗಟ್ಟಲೆ ತುರಿಸುತ್ತಿತ್ತು. ಈ ಸಾಮಾನಿಗೆಲ್ಲ ಅವರ ಬಳಿ ಒಟ್ಟಾಗಿ ಒಂದು ಹೆಸರೇ ಇರಲಿಲ್ಲ. ಕೊಕ್ಕೆ ಇಲ್ಲದೆ ತೋಟಕ್ಕೆ ಇಳಿದರೆ ಅಂಗಿ ಇಲ್ಲದೆ ಪೇಟೆಗೆ ಹೋದಂತೆ ಅವರಿಗೆ ಮುಜುಗರವಾಗುತ್ತಿತ್ತು, ಅಷ್ಟೆ.

ನನ್ನ ಚೀಲವೂ ನಿನಗೆ ನೆನಪಿರಬೇಕು, ಏಕೆಂದರೆ ಅದರೊಳಗಿನ ಇನ್ಸುಲೇಶನ್ ಟೇಪನ್ನು ನೀನು ಗೊಂಬೆಗಳಿಗೆ ಸುತ್ತಿ ಖಾಲಿ ಮಾಡುತ್ತಿದ್ದೆ. 1988ರಲ್ಲಿ ದೂರವಾಣಿ ಇಲಾಖೆಗೆ ಲೈನ್‌ಮನ್ ಆಗಿ ಸೇರಿದವನು 2020ರ ಜನವರಿ 31ರಂದು ಸ್ವಯಂ ನಿವೃತ್ತಿ ಪಡೆಯುವವರೆಗೂ ಖಾಕಿ ಬಣ್ಣದ ಆ ಕ್ಯಾನ್ವಾಸ್ ಚೀಲವನ್ನೇ ಹೊತ್ತೆ. ಪಟ್ಟಿಯನ್ನು ಮಾತ್ರ ಚಮ್ಮಾರರಲ್ಲಿ ಮೂರು ಸಲ ಹೊಲಿಸಿದೆ. ಕಟಿಂಗ್ ಪ್ಲಯರ್, ಟೆಸ್ಟರ್, ಪರೀಕ್ಷೆಗೆ ಬಳಸುವ ಫೋನು, ಟೇಪು, ಎರಡು ಶೆಲ್ಲಿನ ಬ್ಯಾಟರಿ (ಟಾರ್ಚು), ಜಂಪರ್ ವಯರಿನ ಒಂದು ಸುರುಳಿ. ಇದರಲ್ಲಿ ಒಂದೊಂದು ಸಾಮಾನೂ ಒಂದೊಂದು ದಿನದ ಫಜೀತಿಯ ನಂತರ ಚೀಲ ಸೇರಿದ್ದು. ಟೆಸ್ಟರಿನ ಕಥೆಯನ್ನು ಹೇಳುತ್ತೇನೆ. ಫೋನಿನ ತಂತಿಯಲ್ಲಿ ಹರಿಯುವುದು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುವ 48 ವೋಲ್ಟಿನ ವಿದ್ಯುತ್ತು, ಆದ್ದರಿಂದಲೇ ಊರಿಗೆಲ್ಲ ಕರೆಂಟು ಹೋದರೂ ಫೋನು ನಡೆಯುತ್ತಿತ್ತು. ಅಷ್ಟು ವೋಲ್ಟೇಜಿಗೆ ಟೆಸ್ಟರಿನೊಳಗಿನ ನಿಯಾನ್ ಬುರುಡೆ ಹೊತ್ತಿಕೊಳ್ಳುವುದಿಲ್ಲ. ಹಾಗಾದರೆ ಫೋನಿನ ಲೈನ್‌ಮನ್‌ಗೆ ಟೆಸ್ಟರ್ ಯಾಕೆಂದು ಹೊಸಬನಾಗಿದ್ದ ನಾನೂ ಕೇಳಿದ್ದೆ. ಒಂದು ಆಷಾಢದಲ್ಲಿ ಮತ್ತಿಮರ ಬಿದ್ದು ಲೈನು ನೆಲ ಕಂಡಿತ್ತು; ತಂತಿ ಮುಟ್ಟಲು ಹೊರಟವನ ಕೈಯನ್ನು ಹಿರಿಯರೊಬ್ಬರು ತಡೆದು ಟೆಸ್ಟರ್ ತಾಗಿಸಿದರು. ಅದು ಕೆಂಪಗೆ ಹೊತ್ತಿಕೊಂಡಿತು. ಅರ್ಧ ಮೈಲಿಯಾಚೆ ಎಲ್ಲೋ 230 ವೋಲ್ಟಿನ ಕರೆಂಟು ತಂತಿ ನಮ್ಮ ತಂತಿಯ ಮೇಲೆ ಬಿದ್ದಿತ್ತು. ಹೊತ್ತಿಕೊಳ್ಳಬಾರದ ಕಡೆ ಹೊತ್ತಿಕೊಳ್ಳುವುದಕ್ಕೆಂದೇ ಆ ಟೆಸ್ಟರನ್ನು ಆಮೇಲೆ ನಾನು ದಿನವೂ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ನಿಮ್ಮ ಹವ್ಯಾಸದವರು ದೇವರ ಹಾಗೆ ಕಾಣುವ ಲೆದರ್‌ಮನ್ ಉಪಕರಣವೂ ಇಂತಹದೇ ಫಜೀತಿಯಿಂದ ಹುಟ್ಟಿದ್ದೆಂದು ನೀನೇ ಹೇಳಿದ್ದೆ. ಅಮೆರಿಕದ ಒರೆಗಾನಿನ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯೊಡನೆ ಒಂದು ಹಳೆಯ ಫಿಯೆಟ್ ಕಾರಿನಲ್ಲಿ ಯೂರೋಪು ಸುತ್ತುವಾಗ, ದಿನಕ್ಕೊಂದು ಕಡೆ ಕೆಡುವ ಕಾರು ಮತ್ತು ಸೋರುವ ಹೋಟೆಲಿನ ನಲ್ಲಿಗಳ ನಡುವೆ, ಕಿಸೆಯಲ್ಲಿದ್ದ ಚಾಕುವಿಗೆ ಒಂದು ಇಕ್ಕಳವೂ ಇದ್ದಿದ್ದರೆ ಎಂದುಕೊಂಡನಂತೆ. ಅದನ್ನು ಮಾಡಿ ಮಾರಲು ಅವನಿಗೆ 1983ರವರೆಗೆ ಹಿಡಿಯಿತು. ಎಂಟು ವರ್ಷ! ಕೆಟ್ಟ ಕಾರು ಮೊದಲು ಬಂತು, ಉಪಕರಣ ಆಮೇಲೆ ಬಂತು. ನಿನ್ನ ಮೇಜಿನ ಮೇಲೆ ಈ ಕ್ರಮ ತಿರುಗುಮುರುಗಾಗಿದೆ ಎಂಬುದು ನನ್ನ ತಕರಾರು. ಕಳೆದ ದೀಪಾವಳಿಗೆ ಬಂದಾಗ ನಿನ್ನ ಚೀಲದಲ್ಲಿ ನಾಲ್ಕು ಟಾರ್ಚು ಎಣಿಸಿದೆ. ಕಟ್ಟಡದ ಸೈಟಿನಲ್ಲಿ ಕೆಲಸ ಮಾಡುವವಳಿಗೆ ಒಂದು ಬೇಕೇ ಬೇಕು, ಒಂದು ಕೈಕೊಟ್ಟರೆ ಎಂದು ಇನ್ನೊಂದಿರಲಿ. ಉಳಿದ ಎರಡು ಯಾವ ಕತ್ತಲೆಗೆ ಬೇಕಾಗಿದ್ದವು? ಕತ್ತಲೆ ಕಂಡು ಕೊಂಡದ್ದಲ್ಲ, ಫೋನಿನ ಪರದೆಯಲ್ಲಿ ಟಾರ್ಚು ಕಂಡು ಕೊಂಡದ್ದು. ಅವುಗಳ ಮೇಲೆ ಒಂದು ಗೀರೂ ಇರಲಿಲ್ಲ.

ಅದರಲ್ಲೊಂದರ ಡಬ್ಬಿಯ ಮೇಲೆ 10,000 ಲೂಮೆನ್ (ಬೆಳಕಿನ ಅಳತೆ) ಎಂದು ಬರೆದಿತ್ತು. ಯಾವುದೋ ಹೆಸರು ಕೇಳದ ಕಂಪನಿಯವರು ನಿನಗೆ ಅದನ್ನು ಬಿಟ್ಟಿಯಾಗಿ ಕಳಿಸಿದ್ದರು, ನೀನು ಅದನ್ನು ಹೊಗಳಿ ಬರೆದಿದ್ದೆ. ಅಂದು ಹಬ್ಬದ ಮನೆಯೆಂದು ಸುಮ್ಮನಿದ್ದೆ, ಇಂದು ಲೆಕ್ಕ ಹಾಕೋಣ. ಅದರೊಳಗಿದ್ದದ್ದು 18650 ಎಂಬ ಒಂದೇ ಶೆಲ್ಲು. ಆ ಸಂಖ್ಯೆಯ ಅರ್ಥವೇ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂದು. ಒಳ್ಳೆಯ ತಯಾರಿಕೆಯದಾದರೆ 3.6 ವೋಲ್ಟು, 3,500 ಮಿಲಿಆಂಪಿಯರ್-ಅವರ್; ಗುಣಿಸಿ ಸಾವಿರದಿಂದ ಭಾಗಿಸಿದರೆ ಸುಮಾರು 12.6 ವ್ಯಾಟ್-ಅವರ್. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ 100ರಿಂದ 150 ಲೂಮೆನ್ ಬೆಳಕು ಕೊಡುತ್ತದೆ. ಹತ್ತು ಸಾವಿರ ಲೂಮೆನ್ ಬರಬೇಕಾದರೆ ಕಡಿಮೆಯೆಂದರೂ ಸುಮಾರು 67 ವ್ಯಾಟ್ ಬೇಕು. ಅಷ್ಟನ್ನು ಆ ಶೆಲ್ಲು ಕೊಟ್ಟಿತೆಂದೇ ಇಟ್ಟುಕೊಂಡರೂ ಹನ್ನೆರಡು ನಿಮಿಷದೊಳಗೆ ಅದು ಬರಿದಾಗಬೇಕು, ಅದಕ್ಕೂ ಮೊದಲು ಹೆಬ್ಬೆರಳಿನಷ್ಟು ದಪ್ಪದ ಆ ಅಲ್ಯೂಮಿನಿಯಂ ಕೊಳವೆ ಕೈಯಲ್ಲಿ ಹಿಡಿಯಲಾಗದಷ್ಟು ಕಾಯಬೇಕು. ಡಬ್ಬಿಯ ಮೇಲಿನದು ಸುಳ್ಳು. ನಾನು ಮೂವತ್ತು ವರ್ಷ ಮಲೆನಾಡಿನ ಮಳೆಯಲ್ಲಿ ಕಂಬ ಹುಡುಕಿದ ಬ್ಯಾಟರಿಗೆ ಇಪ್ಪತ್ತು ಲೂಮೆನ್ನೂ ಇದ್ದಿರಲಾರದು. ಸೈಟು ಎಂಜಿನಿಯರಾದ ನೀನು ಈ ಗುಣಾಕಾರವನ್ನು ನನಗಿಂತ ಬೇಗ ಮಾಡಬಲ್ಲೆ, ಆದರೂ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂಬುದರಲ್ಲೇ ನಾನು ಹೇಳಬೇಕೆಂದಿರುವುದೆಲ್ಲ ಇದೆ.

ನಿನ್ನ ಖಾತೆಯಿದ್ದ ಆ ಬಿಟ್ಟಿ ಜಾಗದಲ್ಲಿ ಗುಣಾಕಾರಕ್ಕೆ ಬೆಲೆಯಿಲ್ಲ, ಹೊಗಳಿಕೆಗೆ ಇದೆ. "ಈ ಟಾರ್ಚು ಸಾಧಾರಣ, ನಿಮ್ಮಲ್ಲಿರುವುದೇ ಸಾಕು" ಎಂದು ಬರೆದರೆ ಯಾರೂ ಕೊಳ್ಳುವ ಕೊಂಡಿ (ಲಿಂಕು) ಒತ್ತುವುದಿಲ್ಲ, ಯಾರಿಗೂ ಕಮಿಷನ್ ಸಿಗುವುದಿಲ್ಲ, ಓದಿದವನು ಫೋನು ಕೆಳಗಿಟ್ಟು ಬೇರೆ ಕೆಲಸಕ್ಕೆ ಏಳುತ್ತಾನೆ. ಅವನು ಏಳಬಾರದು ಎಂಬುದೇ ಆ ಅಂಗಡಿಯ ಏಕಮಾತ್ರ ಆಸೆ. ಇನ್ನು ಬಿಟ್ಟಿಯಾಗಿ ಬಂದ ವಸ್ತುವನ್ನು ಬಿಟ್ಟಿಯಾಗಿ ಬಂದದ್ದೆಂದು ಸ್ಪಷ್ಟವಾಗಿ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ನೀನು ಹೇಳಿರಲಿಲ್ಲ. ಇದನ್ನು ಬರೆಯುವಾಗ ನನಗೆ ಸಂತೋಷವೇನೂ ಆಗುತ್ತಿಲ್ಲ, ಆದರೆ ಖಾತೆಯವರ ತಪ್ಪನ್ನು ಹೇಳುವ ಮೊದಲು ನಮ್ಮ ಮನೆಯದನ್ನು ಹೇಳಿ ಮುಗಿಸುವುದು ಒಳ್ಳೆಯದು.

ಇನ್ನು ಅವರ ವಿಷಯ. ನಾವು ಫೋನು ನಡೆಸುತ್ತಿದ್ದ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಮನೆಗೆ ಬಿಲ್ಲು ಬರುತ್ತಿತ್ತು. ಬಿಲ್ಲು ಬಂದ ದಿನ ಊರೆಲ್ಲ ನಮ್ಮನ್ನು ಬೈಯುತ್ತಿತ್ತು, ಫೋನು ಕೆಟ್ಟ ದಿನ ಇನ್ನೂ ಹೆಚ್ಚು ಬೈಯುತ್ತಿತ್ತು. ಪಕ್ಕದ ಮನೆಯ ಫೋನಿನಿಂದ 198ಕ್ಕೆ ಕರೆ ಮಾಡಿ ದೂರು ಬರೆಸಿದರೆ ಅದಕ್ಕೊಂದು ಡಾಕೆಟ್ ನಂಬರು ಹುಟ್ಟುತ್ತಿತ್ತು, ಆ ನಂಬರು ಚೀಟಿಯಾಗಿ ಬೆಳಿಗ್ಗೆ ನನ್ನ ಕೈಗೆ ಬರುತ್ತಿತ್ತು. ಸರಿಯಾಗದಿದ್ದರೆ ಸಂತೆಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು: "ಏನಯ್ಯಾ, ದುಡ್ಡು ಕಟ್ಟುವುದಿಲ್ಲವೇ ನಾವು?" ನನಗೆ ಆ ಪ್ರಶ್ನೆಗೆ ಉತ್ತರವಿರುತ್ತಿರಲಿಲ್ಲ, ಮತ್ತೆ ಕಂಬ ಹತ್ತುತ್ತಿದ್ದೆ. ದುಡ್ಡು ಕಟ್ಟಿದವರಿಗೆ ಬೈಯುವ ಹಕ್ಕಿತ್ತು, ಬೈಯಲು ಎದುರಿಗೆ ಒಬ್ಬ ಮನುಷ್ಯನೂ ಸಿಗುತ್ತಿದ್ದ. ನೀನು ಬುಧವಾರ ರಾತ್ರಿಯಿಡೀ ಹುಡುಕಿದ್ದು ಆ ಮನುಷ್ಯನನ್ನು. ಬಿಟ್ಟಿ ಜಾಗದಲ್ಲಿ ಅವನನ್ನು ಇಟ್ಟಿರುವುದೇ ಇಲ್ಲ, ಏಕೆಂದರೆ ಅಲ್ಲಿ ದುಡ್ಡು ಕಟ್ಟುವವಳು ನೀನಲ್ಲ.

ಕಟ್ಟುವವರು ಯಾರೆಂಬುದು ಗುಟ್ಟೇನೂ ಅಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆತನದ ಮೆಟಾ ಕಂಪನಿಯ 2023ರ ವರಮಾನ ಸುಮಾರು 13,490 ಕೋಟಿ ಡಾಲರ್; ಅದರಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಪಾಲು ಜಾಹೀರಾತಿನದು. ಅದೇ ವರ್ಷದ ನವೆಂಬರಿನಲ್ಲಿ ಯೂರೋಪಿನ ಕಾನೂನಿನ ಒತ್ತಡಕ್ಕೆ ಅವರು ಜಾಹೀರಾತಿಲ್ಲದ ಖಾತೆಯನ್ನೂ ಕೊಡಬೇಕಾಗಿ ಬಂದಾಗ ತಿಂಗಳಿಗೆ 9.99 ಯೂರೋ ಬೆಲೆ ಕಟ್ಟಿದರು, ಒಂದು ವರ್ಷದ ಮೇಲೆ 5.99ಕ್ಕೆ ಇಳಿಸಿದರು. ಹಾಗೆಂದರೆ ಬೆಲೆಯೊಂದು ಮೊದಲಿನಿಂದಲೂ ಇತ್ತು, ಚೀಟಿ ಅಂಟಿಸಿರಲಿಲ್ಲ ಅಷ್ಟೆ. ನೀನು ಯಾವ ಚಾಕುವಿನ ಚಿತ್ರದ ಮೇಲೆ ಮೂರು ಕ್ಷಣ ಹೆಚ್ಚು ನಿಂತೆ, ಯಾವ ಹೊತ್ತಿಗೆ ನಿದ್ದೆ ಬಾರದೆ ಫೋನು ತೆರೆದೆ ಎಂಬುದನ್ನೆಲ್ಲ ಕೂಡಿಟ್ಟು, ಮರುದಿನ ಅಂತಹುದೇ ಇನ್ನೊಂದನ್ನು ಮುಂದಿಡುತ್ತಾರೆ. ಆ ನಾಲ್ಕು ಟಾರ್ಚಿನಲ್ಲಿ ಎರಡರ ಬೆಲೆ ಈ ಬಾಡಿಗೆಯ ಲೆಕ್ಕಕ್ಕೆ ಸೇರಬೇಕು.

ಆ ಬಾಡಿಗೆಗೆ ಇನ್ನೊಂದು ಬಾಬತ್ತನ್ನೂ ಸೇರಿಸುತ್ತೇನೆ. ನಿನ್ನ ಚೀಲದಲ್ಲಿ ಎಲ್ಲಕ್ಕಿಂತ ಭಾರದ ಸಾಮಾನು ಯಾವುದೆಂದು ಅಮ್ಮನ ಅಡುಗೆಮನೆಯ ತಕ್ಕಡಿಯಲ್ಲಿ ನಾವಿಬ್ಬರೂ ತೂಗಿ ನೋಡಿದ್ದು ನೆನಪಿದೆಯೇ? ಚಾಕುವೂ ಅಲ್ಲ, ಇಕ್ಕಳವೂ ಅಲ್ಲ, 20,000 ಮಿಲಿಆಂಪಿಯರ್-ಅವರಿನ ಪವರ್ ಬ್ಯಾಂಕು. ಫೋನಿನಲ್ಲಿ ಮಾತಾಡುವುದಕ್ಕೆ, ಸೈಟಿನ ನಕ್ಷೆ ನೋಡುವುದಕ್ಕೆ ಅಷ್ಟು ಬೇಕಾಗಿಲ್ಲ; ಫೋನು ಸಂಜೆಯೊಳಗೆ ಸಾಯುತ್ತಿದ್ದುದು ಬೆರಳು ಮೇಲಕ್ಕೆ ತಳ್ಳುತ್ತಲೇ ಇದ್ದ ಆ ಚಿತ್ರಗಳ ಸಾಲಿನಿಂದ. ಅವರ ಅಂಗಡಿ ನಡೆಯಲು ಬೇಕಾದ ಕರೆಂಟನ್ನು ನಿನ್ನ ಹೆಗಲ ಮೇಲೆ ನೀನೇ ಹೊತ್ತು ತಿರುಗುತ್ತಿದ್ದೆ. (ಮುಂದಿನ ತಿಂಗಳು ವಿಮಾನದಲ್ಲಿ ಹೋಗುವವಳಿದ್ದೀಯೆ, ಆದ್ದರಿಂದ ಹೇಳುತ್ತೇನೆ: 20,000ವನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಅವರ್ ಆಗುತ್ತದೆ, ವಿಮಾನದ ಮಿತಿಯಾದ 100ರೊಳಗಿದೆ, ತೊಂದರೆಯಿಲ್ಲ; ಆದರೆ ಅದು ಕೈಚೀಲದಲ್ಲೇ ಇರಬೇಕು. ಚಾಕು, ಇಕ್ಕಳ ಮಾತ್ರ ಕೆಳಗೆ ಹಾಕುವ ಪೆಟ್ಟಿಗೆಯಲ್ಲಿರಬೇಕು. ಹಿಂದಿನ ಸಲ ತಪಾಸಣೆಯವರ ಬುಟ್ಟಿಗೆ ಹಾಕಿ ಬಂದ ಚಾಕುವಿನ ಬೆಲೆಯನ್ನು ನಾನು ಇನ್ನೂ ಮರೆತಿಲ್ಲ.)

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಬೀಗದ ಕೈ. ನೀನು ಹಾಕುತ್ತಿದ್ದ ಚಿತ್ರಗಳಲ್ಲೆಲ್ಲ ಬಾಡಿಗೆ ಮನೆಯ ಕೀಲಿಕೈ ಬಿಳಿ ಬಟ್ಟೆಯ ಮೇಲೆ ಅಂಗಾತ ಮಲಗಿರುತ್ತಿತ್ತು, ಹಲ್ಲುಗಳೆಲ್ಲ ಸ್ಪಷ್ಟವಾಗಿ ಎಣಿಸುವ ಹಾಗೆ. ಕೀಲಿಕೈಯ ಗುಟ್ಟಿರುವುದು ಆ ಹಲ್ಲುಗಳ ಎತ್ತರ ತಗ್ಗಿನಲ್ಲಿ ಮಾತ್ರ, ಅದನ್ನು ಅಳೆದವನಿಗೆ ಕೀಲಿಕೈಯೇ ಸಿಕ್ಕಿದ ಹಾಗೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ವಿಭಾಗದ ಸಂಶೋಧಕರು 2008ರಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ: ಕಟ್ಟಡದ ಮಾಳಿಗೆಯಿಂದ, 195 ಅಡಿ ದೂರದಲ್ಲಿ ಮೇಜಿನ ಮೇಲಿದ್ದ ಕೀಲಿಕೈಯನ್ನು ದೂರದ ಮಸೂರದಲ್ಲಿ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಹಲ್ಲು ಅಳೆದು, ನಕಲನ್ನು ಕತ್ತರಿಸಿದರು. ನೀನು ಒಂದು ಅಡಿ ಎತ್ತರದಿಂದ, ಒಳ್ಳೆಯ ಬೆಳಕಿನಲ್ಲಿ, ಹನ್ನೊಂದು ಸಾವಿರ ಜನಕ್ಕೆ ತೋರಿಸಿದ್ದೀಯೆ. ಪಕ್ಕದಲ್ಲೇ ಕಂಪನಿಯ ಗುರುತಿನ ಚೀಟಿಯ ಪಟ್ಟಿ, ದಿನ ಹೋಗುವ ಮೆಟ್ರೋ ಕಾರ್ಡು. ಖಾತೆ ತೆರೆದರೂ ತೆರೆಯದಿದ್ದರೂ ಈ ವಾರ ಬಾಗಿಲಿನ ಬೀಗ ಬದಲಾಯಿಸಬೇಕು. ಮನೆ ಓನರಿಗೆ ನಾನೇ ಫೋನು ಮಾಡಿ ಹೇಳಬೇಕೇ, ನೀನು ಹೇಳುತ್ತೀಯಾ?

ಈ ಕೊರಗು ನಿನ್ನೊಬ್ಬಳದೇ ಅಲ್ಲ ಎಂಬುದಕ್ಕೆ ನಿಮ್ಮ ಹವ್ಯಾಸದ ಹಳಬರನ್ನೇ ಕೇಳು. ಚಾಕು, ಪೆನ್ನು, ಗಡಿಯಾರಗಳ ಬಗ್ಗೆ ಅವರು ವರ್ಷಗಟ್ಟಲೆ ಬರೆದ ಲೇಖನಗಳ ಚಿತ್ರಗಳೆಲ್ಲ ಫೋಟೋಬಕೆಟ್ ಎಂಬ ಚಿತ್ರ ಇಡುವ ತಾಣದಲ್ಲಿ ಬಿಟ್ಟಿಯಾಗಿ ಇದ್ದವು. 2017ರ ಜೂನ್ ಕೊನೆಯಲ್ಲಿ ಆ ತಾಣದವರು, ಬೇರೆ ತಾಣಗಳಲ್ಲಿ ಚಿತ್ರ ಕಾಣಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ಕಟ್ಟಬೇಕೆಂದು ನಿಯಮ ಬದಲಿಸಿದ್ದೇ ತಡ, ಹತ್ತು ವರ್ಷದ ಬರಹಗಳಲ್ಲಿ ಚಾಕುವಿದ್ದ ಕಡೆಯೆಲ್ಲ ದುಡ್ಡು ಕೇಳುವ ಒಂದೇ ಚಿತ್ರ ಬಂದು ಕುಳಿತಿತು. ಹಿಡಿಯನ್ನು ಹೀಗೆ ಕೂರಿಸಬೇಕು ಎಂಬ ವಾಕ್ಯ ಉಳಿಯಿತು, ಹೇಗೆಂದು ತೋರಿಸುವ ಚಿತ್ರ ಹೋಯಿತು. ನಿನ್ನ ಸುಮಕ್ಕನ ಆರ್ಕುಟ್ ಜಾಲತಾಣದ ಕಥೆ ಮನೆಯಲ್ಲೇ ನಡೆದದ್ದು. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚುತ್ತದೆಂದು ಮೂರು ತಿಂಗಳು ಮೊದಲೇ ಸಾರಿದ್ದರು. ಅವಳು ಆಗ ಬಾಣಂತಿ, ಯಾವುದನ್ನೂ ಇಳಿಸಿಕೊಳ್ಳಲಿಲ್ಲ. ಕಾಲೇಜಿನ ಗೆಳತಿಯರು ಬರೆದದ್ದರಲ್ಲಿ ಒಂದು ಸಾಲೂ ಅವಳಲ್ಲಿ ಇಲ್ಲ. ಅದೇ ಗೆಳತಿಯರು ಬರೆದ ಎರಡು ಇನ್‌ಲ್ಯಾಂಡ್ ಪತ್ರಗಳು ಮಾತ್ರ ನಮ್ಮ ಅಟ್ಟದ ಟ್ರಂಕಿನಲ್ಲಿವೆ, ಒಂದಕ್ಕೆ ಅಂಚಿನಲ್ಲಿ ಗೆದ್ದಲು ಹಿಡಿದಿದೆ.

ಅಲ್ಲಿ ಒಳ್ಳೆಯದೇನೂ ಆಗಲಿಲ್ಲವೆಂದು ನಾನು ಹೇಳಲಾರೆ. ಮಸೆಗಲ್ಲಿನ ಮೇಲೆ ಅಲಗನ್ನು ಎಷ್ಟು ಓರೆಯಾಗಿ ಹಿಡಿಯಬೇಕೆಂದು ನಿನಗೆ ಹೇಳಿಕೊಟ್ಟದ್ದು ನಾನಲ್ಲ, ಫಿನ್ಲೆಂಡಿನಲ್ಲಿ ಕುಳಿತ ಯಾರೋ ಮುದುಕ. ನೀನು ಹೇಳಿಕೊಟ್ಟ ಮೇಲೆ ನಮ್ಮ ಅಡುಗೆಮನೆಯ ಚಾಕುಗಳಲ್ಲಿ ಟೊಮೆಟೊ ಜಜ್ಜಿಹೋಗುವುದು ನಿಂತಿದೆ. ನಾನೂ ಬೆಳಿಗ್ಗೆ ಎದ್ದ ಕೂಡಲೇ ನೋಡುವುದು ಅಡಿಕೆ ಧಾರಣೆಯ ಗುಂಪನ್ನು, ಅದೂ ಬಿಟ್ಟಿಯದೇ. ಸಂತೆಯಲ್ಲಿ ನಿಂತು ಮಾತಾಡುವುದು ತಪ್ಪಲ್ಲ. ಮನೆಯ ಪತ್ರ, ಪಟ್ಟೆಗಳನ್ನೆಲ್ಲ ಸಂತೆಯಲ್ಲೇ ಬಿಟ್ಟು ಬರಬಾರದಿತ್ತು. ಆರು ವರ್ಷದ ಚಿತ್ರಗಳ ಒಂದು ಪ್ರತಿಯೂ ನಿನ್ನ ಬಳಿ ಇಲ್ಲವೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಎರಡು ಟಾರ್ಚು, ಎರಡು ಪೆನ್ನು, ಬಿಡಿ ಶೆಲ್ಲು, ಎಲ್ಲದಕ್ಕೂ ಜೋಡಿ ಇಟ್ಟುಕೊಂಡು ಓಡಾಡುವವಳು ಇದೊಂದಕ್ಕೆ ಜೋಡಿ ಇಟ್ಟುಕೊಳ್ಳಲಿಲ್ಲ.

ಈಗ ಮಾಡಬೇಕಾದದ್ದು. ಯಂತ್ರದ ಮನವಿಯ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂತಹ ಪ್ರತಿಯೊಂದು ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ವಿಳಾಸವನ್ನು ತನ್ನ ತಾಣದಲ್ಲಿ ಪ್ರಕಟಿಸಿರಬೇಕು. ದೂರು ಮುಟ್ಟಿತೆಂದು 24 ಗಂಟೆಯೊಳಗೆ ತಿಳಿಸಬೇಕು, 7 ದಿನದೊಳಗೆ ತೀರ್ಮಾನಿಸಬೇಕು. ಅವರಿಗೆ ಬರೆ. ಚಿತ್ರದಲ್ಲಿರುವುದು ಅಡಿಕೆ ಕತ್ತರಿಸುವ ಮನೆಬಳಕೆಯ ಸಾಧನ ಮತ್ತು ತೋಟದ ಕತ್ತಿ, ಮಾರಾಟದ ಮಾತು ಎಲ್ಲಿಯೂ ಇಲ್ಲ ಎಂದು ನಾಲ್ಕು ಸಾಲಿನಲ್ಲಿ ಬರೆ, ಸಿಟ್ಟಿನ ಮಾತು ಬೇಡ. ಅವರ ಉತ್ತರ ಸರಿಯೆನಿಸದಿದ್ದರೆ, ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮೂರು ಮೇಲ್ಮನವಿ ಸಮಿತಿಗಳನ್ನು ರಚಿಸಿದೆ. ಉತ್ತರ ಬಂದ 30 ದಿನದೊಳಗೆ ಅಲ್ಲಿಗೆ ಆನ್‌ಲೈನಿನಲ್ಲೇ ಹೋಗಬಹುದು. ಬಂದ ಪ್ರತಿ ಉತ್ತರದ ತಾರೀಖನ್ನೂ ದೂರಿನ ನಂಬರನ್ನೂ ನಿನ್ನ ಆ ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಡು. ಅದಕ್ಕೊಂದು ನಿಜವಾದ ಕೆಲಸವೂ ಸಿಕ್ಕಿದಂತಾಗುತ್ತದೆ. ಖಾತೆ ತೆರೆದರೆ ಮೊದಲ ದಿನವೇ ನಿನ್ನ ಮಾಹಿತಿಯನ್ನೆಲ್ಲ ಇಳಿಸಿಕೊಳ್ಳುವ ಸೌಲಭ್ಯ ಬಳಸಿ ಹಾರ್ಡ್‌ಡಿಸ್ಕಿಗೆ ಹಾಕು, ಇನ್ನೊಂದು ಪ್ರತಿ ನನಗೆ ಕಳಿಸು. ತೆರೆಯದಿದ್ದರೆ, ನಿನ್ನದೇ ಹೆಸರಿನ ಒಂದು ಡೊಮೇನು ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದಂತೆ, ಅಲ್ಲಿ ಬರೆ. ಹನ್ನೊಂದು ಸಾವಿರ ಜನ ಬರಲಿಕ್ಕಿಲ್ಲ. ಫಿನ್ಲೆಂಡಿನ ಮುದುಕ ಬರಬಹುದು.

ಅಜ್ಜನ ಕತ್ತಿ ಅಟ್ಟದಲ್ಲಿರಲಿ, ಅದನ್ನು ಹಿಡಿದುಕೊಂಡು ಬೆಂಗಳೂರಿನಲ್ಲಿ ಓಡಾಡುವ ಹಾಗಿಲ್ಲ. ಅಡಕತ್ತರಿಯನ್ನು ಮಾತ್ರ ಶುಕ್ರವಾರ ರಾತ್ರಿ ಬಸ್ಸಿಗೆ ಬರುವ ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಿದ್ದೇನೆ. ಕೀಲು ಸಡಿಲವಾಗಿ ಎರಡು ಅಲಗುಗಳ ನಡುವೆ ಕಾಗದ ತೂರುವಷ್ಟು ಸಂದಿಯಿತ್ತು. ನಿನ್ನೆ ಕಮ್ಮಾರಸಾಲೆಗೆ ಒಯ್ದು ಬಡಿಸಿಕೊಂಡು ಬಂದೆ, ನಲವತ್ತು ರೂಪಾಯಿ ತೆಗೆದುಕೊಂಡರು. ಹಿಡಿಯ ಒಳಮೈ ಅಜ್ಜಿಯ ಬೆರಳು ತಾಗುತ್ತಿದ್ದ ಕಡೆ ಸವೆದು ಹೊಳೆಯುತ್ತದೆ, ಅಲ್ಲಿ ಮರಳುಕಾಗದ ಹಾಕಬೇಡ. ತಿಂಗಳಿಗೊಮ್ಮೆ ಕೀಲಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಡು. ಅಡಕತ್ತರಿ ಹೋಗಿ ಅಡಿಕೆ ಹೋಗದಿದ್ದರೆ ಹೇಗೆ ಎಂದು ಅಮ್ಮ ಅದರ ಜೊತೆ ಒಂದು ಮುಷ್ಟಿ ಚಾಲಿಯನ್ನೂ ಪೊಟ್ಟಣ ಕಟ್ಟಿದ್ದಾಳೆ. ನೀನು ತಿನ್ನುವುದಿಲ್ಲವೆಂದರೂ ಕೇಳಲಿಲ್ಲ. ಬಸ್ಸು ಬೆಳಿಗ್ಗೆ ಐದೂವರೆಗೆ ಬರುತ್ತದೆ, ಇನ್ನೂ ಕತ್ತಲೆಯಿರುತ್ತದೆ, ಒಂದು ಟಾರ್ಚು ತೆಗೆದುಕೊಂಡು ಬಾ.

ಇಂತಿ ನಿನ್ನ
ಅಪ್ಪ